ಬೆಂಕಿಯ ಕಾವಲು, ಕರಾವಳಿಯ ಮಳೆ

ಅಂಕೋಲಾದಿಂದ ಯಲ್ಲಾಪುರದ ಮೇಲೆ ಹಾದು ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯು, ಹಿಂದೆ 63 ಎಂದೂ ಈಗ 52 ಎಂದೂ ಕರೆಸಿಕೊಳ್ಳುವ ದಾರಿಯು, ಗಂಗಾವಳಿ ಕಣಿವೆಯ ಕಾಡಿನ ನಡುವೆ ಸುಂಕಸಾಳವನ್ನು ದಾಟಿ ಅರಬೈಲ್ ಘಟ್ಟವನ್ನು ಏರುತ್ತದೆ. ಕರಾವಳಿಯಿಂದ ಘಟ್ಟದ ಮೇಲಿನ ಬಾಟ್ಲಿಂಗ್ ಘಟಕಗಳಿಗೆ ಅಡುಗೆ ಅನಿಲವನ್ನು ಹೊತ್ತೊಯ್ಯುವ ಬುಲೆಟ್ ಟ್ಯಾಂಕರುಗಳು ಹಿಡಿಯುವ ದಾರಿಗಳಲ್ಲಿ ಇದೂ ಒಂದು. ಒಂದು ದೊಡ್ಡ ಟ್ಯಾಂಕರಿನಲ್ಲಿ ಸುಮಾರು 18 ಟನ್ ದ್ರವೀಕೃತ ಪೆಟ್ರೋಲಿಯಂ ಅನಿಲ, ಅಂದರೆ ಎಲ್‌ಪಿಜಿ, ತುಂಬಿರುತ್ತದೆ, 14.2 ಕಿಲೋ ಅನಿಲ ಹಿಡಿಯುವ ಮನೆಬಳಕೆಯ ಸಿಲಿಂಡರುಗಳ ಲೆಕ್ಕದಲ್ಲಿ ಹೇಳುವುದಾದರೆ ಇದು 1,200ಕ್ಕೂ ಹೆಚ್ಚು ಸಿಲಿಂಡರುಗಳ ಸರಕು.

ಇಂಥ ಸರಕು ರಸ್ತೆಯ ಮೇಲೆ ಮಗುಚಿದರೆ ಏನಾಗುತ್ತದೆಂಬುದನ್ನು ಪಶ್ಚಿಮ ಕರಾವಳಿ ಪದೇ ಪದೇ ಕಂಡಿದೆ. 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲದಲ್ಲಿ, 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ, 2015ರ ಸೆಪ್ಟೆಂಬರ್‌ನಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಟ್ಯಾಂಕರುಗಳು ಉರುಳಿ ಹೊತ್ತಿ ಉರಿದಾಗ ರಸ್ತೆಬದಿಯ ಮನೆಗಳಲ್ಲಿದ್ದವರೂ ಜೀವ ಕಳೆದುಕೊಂಡರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅನಿಲ ಟ್ಯಾಂಕರೊಂದು ಗಂಗಾವಳಿಗೆ ಕೊಚ್ಚಿಹೋಯಿತು. ಸುಂಕಸಾಳದ ಬದಿಯಲ್ಲಿ ಇಳಿದು ಬರುವ ಅದೇ ನದಿಯ ಕೆಳದಂಡೆಯಲ್ಲಿ ಅದರೊಳಗಿನ ಅನಿಲವನ್ನು ಎಚ್ಚರದಿಂದ ಹೊರಬಿಟ್ಟು ಖಾಲಿ ಮಾಡಬೇಕಾಯಿತು. ಚಲಿಸುವ ಟ್ಯಾಂಕರಿನಲ್ಲಿ ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ಸುರಕ್ಷಾ ಕವಾಟವಿದೆ, ಪೈಪು ಮುರಿದು ಹರಿವು ಮಿತಿಮೀರಿದರೆ ಮುಚ್ಚಿಕೊಳ್ಳುವ ಕವಾಟವೂ ಇದೆ, ಆದರೆ ಸೋರಿಕೆಯನ್ನೋ ಜ್ವಾಲೆಯನ್ನೋ ಗುರುತಿಸಿ ತಾನಾಗಿ ಕೂಗಿ ಹೇಳುವ ಸಾಧನವಿಲ್ಲ. ಅನಿಲಕ್ಕೆ ಬೆರೆಸಿದ ಮರ್‌ಕ್ಯಾಪ್ಟಾನ್ ಎಂಬ ದುರ್ವಾಸನೆಯ ರಾಸಾಯನಿಕವನ್ನು ಮನುಷ್ಯನ ಮೂಗು ಹಿಡಿದರೆ ಮಾತ್ರ ಸುಳಿವು. ಅಂಥ ಸಾಧನಗಳೆಲ್ಲ ಇರುವುದು ಈ ಪ್ರಯಾಣದ ಎರಡು ತುದಿಗಳಲ್ಲಿ, ಟ್ಯಾಂಕರ್ ತುಂಬುವ ಮತ್ತು ಬರಿದಾಗುವ ಸ್ಥಾವರಗಳಲ್ಲಿ. ಅವುಗಳಲ್ಲಿ ಒಂದಾದ ಅವಗೆಂಪು ಜ್ವಾಲಾ ಶೋಧಕ, ಸ್ಥಾವರದ ಕೆಲಸಗಾರರ ಮಾತಿನಲ್ಲಿ ಫ್ಲೇಮ್ ಡಿಟೆಕ್ಟರ್, ಹೊರಗಿನವರ ಗಮನಕ್ಕೆ ಬಾರದೆ ಕಂಬದ ತುದಿಯಲ್ಲಿ ಕುಳಿತಿರುವ ಒಂದು ಸಣ್ಣ ಲೋಹದ ಡಬ್ಬಿ. ಅದರ ಆಯ್ಕೆ, ಜೋಡಣೆ ಮತ್ತು ಆರೈಕೆಗಳಲ್ಲಿ ಕರಾವಳಿಯ ಹವೆ ಎಷ್ಟು ಕೈಯಾಡಿಸುತ್ತದೆಂಬುದು ಸಾಮಾನ್ಯವಾಗಿ ಚರ್ಚೆಗೆ ಬರುವುದಿಲ್ಲ.

ಮೊದಲಿಗೆ, ಅನಿಲ ಶೋಧಕ ಬೇರೆ, ಜ್ವಾಲಾ ಶೋಧಕ ಬೇರೆ. ಅನಿಲ ಶೋಧಕವು ಗಾಳಿಯಲ್ಲಿ ಉರಿಯಬಲ್ಲ ಆವಿಯ ಪ್ರಮಾಣವನ್ನು ಅಳೆದು, ಬೆಂಕಿ ಹೊತ್ತುವ ಮೊದಲೇ ಎಚ್ಚರಿಸುತ್ತದೆ. ಎಲ್‌ಪಿಜಿಯ ಆವಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದುದರಿಂದ ಅದು ನೆಲದ ಮೇಲೆ, ಚರಂಡಿಗಳಲ್ಲಿ, ತಗ್ಗುಗಳಲ್ಲಿ ಹರಿದು ನಿಲ್ಲುತ್ತದೆ. ಹಾಗಾಗಿ ಈ ಶೋಧಕಗಳನ್ನು ನೆಲಕ್ಕೆ ಸಮೀಪದಲ್ಲಿ ಇಡುತ್ತಾರೆ. ಗಾಳಿಯಲ್ಲಿ ಸುಮಾರು ಶೇಕಡಾ 2ರಷ್ಟು ಆವಿ ಸೇರಿದರೆ ಸಾಕು, ಅದು ಕಿಡಿಗೆ ಹೊತ್ತಿಕೊಳ್ಳುತ್ತದೆ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರ ತೈಲ ಡಿಪೋದಲ್ಲಿ ಪೆಟ್ರೋಲ್ ಒಂದು ಗಂಟೆಗೂ ಹೆಚ್ಚು ಹೊತ್ತು ಸೋರಿ, ಆವಿಯ ಮೋಡ ಇಡೀ ಆವರಣವನ್ನು ತುಂಬಿದ ಬಳಿಕ ಸ್ಫೋಟಿಸಿತು. ಆ ಬೆಂಕಿ ದಿನಗಟ್ಟಲೆ ಉರಿಯಿತು. ಆ ದುರಂತದ ತನಿಖೆ ನಡೆಸಿದ ಎಂ. ಬಿ. ಲಾಲ್ ಸಮಿತಿಯ ವರದಿಯ ನಂತರ ದೇಶದ ತೈಲ ಡಿಪೋಗಳಲ್ಲಿ ಶೋಧಕಗಳಿಗೂ ದೂರದಿಂದ ಮುಚ್ಚಬಲ್ಲ ಕವಾಟಗಳಿಗೂ ಸಿಕ್ಕ ಮಹತ್ವದ ಹಿಂದೆ ಆ ಒಂದು ಗಂಟೆಯ ನೆನಪಿದೆ. ಆದರೆ ಸೋರಿದ ಅನಿಲವನ್ನು ಶೋಧಕದ ಕಡೆಗೇ ಒಯ್ಯಬೇಕೆಂಬ ನಿಯಮ ಗಾಳಿಗಿಲ್ಲ, ಒತ್ತಡದಿಂದ ಚಿಮ್ಮುವ ಅನಿಲವು ಮೋಡವಾಗಿ ಹರಡುವ ಮುನ್ನವೇ ಹೊತ್ತಿಕೊಳ್ಳುವುದೂ ಉಂಟು. ಆಗ ಬೇಕಾಗುವುದು ಜ್ವಾಲೆಯನ್ನು ದೂರದಿಂದಲೇ ಕಂಡು ಕೆಲವೇ ಸೆಕೆಂಡುಗಳಲ್ಲಿ ಸುದ್ದಿ ಮುಟ್ಟಿಸುವ ಉಪಕರಣ.

ಭಾರತದ ಎಲ್‌ಪಿಜಿ ಸ್ಥಾವರಗಳಲ್ಲಿ ಈ ಕೆಲಸಕ್ಕೆ ಬಹುಕಾಲದಿಂದ ನೆಚ್ಚಿಕೊಂಡಿರುವುದು ಗಾಜಿನ ಬಲ್ಬುಗಳನ್ನು. ದ್ರವ ತುಂಬಿದ ಪುಟ್ಟ ಕ್ವಾರ್ಟ್ಜಾಯ್ಡ್ ಬಲ್ಬು ಸುತ್ತಲಿನ ಶಾಖ 79 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಒಡೆಯುತ್ತದೆ, ಅದರ ಹಿಂದಿನ ಕೊಳವೆಯ ಒತ್ತಡ ಇಳಿಯುತ್ತದೆ, ಡೆಲ್ಯೂಜ್ ಕವಾಟ ತೆರೆದು ಟ್ಯಾಂಕಿನ ಮೈಮೇಲೆ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 10.2 ಲೀಟರಿನ ಲೆಕ್ಕದಲ್ಲಿ ನೀರು ಸುರಿಯುತ್ತದೆ. ವಿದ್ಯುತ್ತಿನ ಹಂಗಿಲ್ಲದ, ನಂಬಬಹುದಾದ ಸರಳ ವ್ಯವಸ್ಥೆ ಇದು. ಇದನ್ನು ಹಳತೆಂದು ತೆಗೆದುಹಾಕಬೇಕಾದ ಕಾರಣವೇನೂ ಇಲ್ಲ. ಕೊರತೆ ಇರುವುದು ವೇಗದಲ್ಲಿ ಮಾತ್ರ. ಬಲ್ಬು ಒಡೆಯಬೇಕಾದರೆ ಶಾಖ ಅದನ್ನು ತಲುಪಬೇಕು, ಬಯಲಿನಲ್ಲಿ ಗಾಳಿ ಜೋರಾಗಿದ್ದರೆ ಜ್ವಾಲೆಯ ಬಿಸಿ ಬೇರೆ ದಿಕ್ಕಿಗೆ ಸರಿದುಹೋಗುತ್ತದೆ. ಜ್ವಾಲೆಯ ವಿಕಿರಣವಾದರೋ ಬೆಳಕಿನ ವೇಗದಲ್ಲಿ ಎಲ್ಲ ಕಡೆಗೂ ಹೊರಡುತ್ತದೆ.

ಆ ವಿಕಿರಣದಲ್ಲಿ ಕಣ್ಣಿಗೆ ಕಾಣುವ ಪಾಲು ಸ್ವಲ್ಪವೇ. ಮನುಷ್ಯನ ಕಣ್ಣು ಸುಮಾರು 0.4ರಿಂದ 0.7 ಮೈಕ್ರೋಮೀಟರ್ ತರಂಗಾಂತರದ ಬೆಳಕನ್ನು ಗ್ರಹಿಸುತ್ತದೆ. ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕೆಂಪಿನ ಆಚೆಗೆ, 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಒಡೆದ ಬಿಸಿಲಿನಲ್ಲಿ ಉಷ್ಣಮಾಪಕವಿಟ್ಟು ಗುರುತಿಸಿದ ಕಾಣದ ಕಿರಣಗಳ ಹರವಿದೆ. ಅವೇ ಅವಗೆಂಪು ಅಥವಾ ಇನ್‌ಫ್ರಾರೆಡ್ ಕಿರಣಗಳು. ಇಂಗಾಲ ಮತ್ತು ಜಲಜನಕ ಸೇರಿದ ಇಂಧನ, ಅದು ಎಲ್‌ಪಿಜಿಯಾಗಲಿ ಪೆಟ್ರೋಲಾಗಲಿ ಡೀಸೆಲ್ಲಾಗಲಿ, ಉರಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡಿನ ಅಣುಗಳು ಆ ಕಾವಿನಲ್ಲಿ ಕಂಪಿಸುತ್ತ 4.3ರಿಂದ 4.5 ಮೈಕ್ರೋಮೀಟರಿನ ಆಸುಪಾಸಿನಲ್ಲಿ ತೀವ್ರವಾಗಿ ವಿಕಿರಣ ಸೂಸುತ್ತವೆ. ಜ್ವಾಲಾ ಶೋಧಕಕ್ಕೆ ಈ ಪಟ್ಟಿಯನ್ನೇ ಆರಿಸಿಕೊಂಡದ್ದರ ಹಿಂದೆ ಒಂದು ಸೊಗಸಾದ ಕಾರಣವಿದೆ. ಸೂರ್ಯನ ಬೆಳಕಿನಲ್ಲಿಯೂ ಈ ತರಂಗಾಂತರವಿದೆ, ಆದರೆ ಅದು ನೆಲಕ್ಕೆ ಇಳಿಯುವ ದಾರಿಯಲ್ಲಿ ವಾಯುಮಂಡಲದ ಇಂಗಾಲದ ಡೈಆಕ್ಸೈಡೇ ಅದನ್ನು ಹೀರಿಬಿಡುತ್ತದೆ. ಹೀಗಾಗಿ ಕಡು ಬೇಸಿಗೆಯ ನಡುಹಗಲಿನಲ್ಲೂ ಈ ಒಂದು ಸಣ್ಣ ಪಟ್ಟಿಯಲ್ಲಿ ಭೂಮಿಯ ಮೇಲೆ ಬಿಸಿಲು ಇಲ್ಲವೆನ್ನುವಷ್ಟು ಕಡಿಮೆ, ಅಲ್ಲಿ ಹೊಳೆಯುವ ಜ್ವಾಲೆ ಎದ್ದು ತೋರುತ್ತದೆ.

ಆದರೆ ಎಂಜಿನ್, ಬಾಯ್ಲರ್, ಲಾರಿಯ ಸೈಲೆನ್ಸರ್, ಕಾದ ತಗಡಿನ ಚಾವಣಿ ಇವೆಲ್ಲವೂ ಅವಗೆಂಪು ಕಿರಣಗಳನ್ನು ಸೂಸುವ ವಸ್ತುಗಳೇ. ಇವನ್ನು ಬೆಂಕಿಯೆಂದು ಭ್ರಮಿಸದಿರಲು ಇಂದಿನ ಶೋಧಕಗಳು ಮೂರು ಸಂವೇದಕಗಳನ್ನು ಇಟ್ಟುಕೊಳ್ಳುತ್ತವೆ: ಒಂದು ಜ್ವಾಲೆಯ ಪಟ್ಟಿಯನ್ನು ನೋಡಿದರೆ ಉಳಿದೆರಡು ಅದರ ಅಕ್ಕಪಕ್ಕದ ತರಂಗಾಂತರಗಳನ್ನು ಅಳೆಯುತ್ತವೆ. ಕಾದ ಕಬ್ಬಿಣ ಎಲ್ಲ ಪಟ್ಟಿಗಳಲ್ಲೂ ಹರಡಿಕೊಂಡು ವಿಕಿರಣ ಸೂಸುತ್ತದೆ, ಜ್ವಾಲೆ ಮಾತ್ರ ನಡುವಿನದರಲ್ಲಿ ಮೇಲೇಳುತ್ತದೆ; ಮೂರರ ಅನುಪಾತವನ್ನು ಹೋಲಿಸಿ ಒಳಗಿನ ಪುಟ್ಟ ಗಣಕ ತೀರ್ಮಾನಕ್ಕೆ ಬರುತ್ತದೆ. ಇದಲ್ಲದೆ ತೆರೆದ ಜ್ವಾಲೆ ಎಂದೂ ಸ್ಥಿರವಾಗಿ ಉರಿಯುವುದಿಲ್ಲ, ಸೆಕೆಂಡಿಗೆ ಒಂದರಿಂದ ಹತ್ತು ಹದಿನೈದು ಸಲ ಮಿನುಗಿ ಕುಣಿಯುತ್ತದೆ, ಆ ಕುಣಿತದ ಲಯವನ್ನೂ ಶೋಧಕ ಪರೀಕ್ಷಿಸುತ್ತದೆ. ಎರಡೂ ಹೊಂದಿದರೆ ಮಾತ್ರ ಎಚ್ಚರಿಕೆ.

ಈ ತತ್ತ್ವದ ಮಿತಿಯನ್ನು ತಿಳಿಯಲು ಕಾರವಾರದ ಪಕ್ಕದ ಬಿಣಗಾವನ್ನು ನೆನೆದರೆ ಸಾಕು. ಅಲ್ಲಿರುವ ಕಾಸ್ಟಿಕ್ ಸೋಡಾ ಕಾರ್ಖಾನೆಯಂಥ ಘಟಕಗಳಲ್ಲಿ ಉಪ್ಪುನೀರಿನ ಮೂಲಕ ವಿದ್ಯುತ್ ಹಾಯಿಸಿದಾಗ ಕ್ಲೋರಿನ್ ಜತೆಗೆ ಜಲಜನಕವೂ ಹುಟ್ಟುತ್ತದೆ. ಜಲಜನಕದಲ್ಲಿ ಇಂಗಾಲವಿಲ್ಲ, ಅದು ಉರಿದರೆ ಬರುವುದು ನೀರಾವಿ ಮಾತ್ರ. ಹಗಲಿನಲ್ಲಿ ಬರಿಗಣ್ಣಿಗೆ ಅದರ ಜ್ವಾಲೆ ಬಹುಮಟ್ಟಿಗೆ ಕಾಣುವುದೇ ಇಲ್ಲ, ಇಂಗಾಲದ ಡೈಆಕ್ಸೈಡಿನ ಪಟ್ಟಿಗೆಂದು ಮಾಡಿದ ಶೋಧಕಕ್ಕೂ ಕಾಣುವುದಿಲ್ಲ. ಇಲ್ಲಿ ಬೇಕಾದದ್ದು ನೀರಾವಿಯ ವಿಕಿರಣವಿರುವ 2.7 ಮೈಕ್ರೋಮೀಟರಿನ ಸುತ್ತಲಿನ ಪಟ್ಟಿಯನ್ನು ಗಮನಿಸುವ ಮಾದರಿ, ಇಲ್ಲವೇ ಅತಿನೇರಳೆ ಕಿರಣಗಳನ್ನು ಗ್ರಹಿಸುವ ಮಾದರಿ. ದೊಡ್ಡ ವಿದ್ಯುತ್ ಜನರೇಟರುಗಳನ್ನು ತಂಪಾಗಿಡಲು ಜಲಜನಕ ಬಳಸುವ ಕಡೆಗಳಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಟರ್ಬೈನಿನ ಅಲಗುಗಳು ಮುರಿದು ನಡೆದ ಅವಘಡದಲ್ಲಿ ಮೊದಲು ಹೊತ್ತಿದ್ದು ಸೋರಿದ ಜಲಜನಕವೇ. ಯಾವ ಇಂಧನ ಉರಿಯಬಹುದೆಂಬುದನ್ನು ತೀರ್ಮಾನಿಸದೆ ಶೋಧಕದ ಮಾದರಿಯನ್ನು ಆರಿಸಿದರೆ ಉಪಕರಣ ಸರಿಯಾಗಿದ್ದೂ ಉಪಯೋಗಕ್ಕೆ ಬಾರದು. ಅತಿನೇರಳೆ ಮಾದರಿಗಳಿಗೆ ಅವುಗಳದೇ ತೊಡಕುಗಳಿವೆ: ವೆಲ್ಡಿಂಗ್ ಕಿಡಿಗೂ ಮಿಂಚಿಗೂ ಅವು ಕೂಗಿಕೊಳ್ಳುತ್ತವೆ, ಗಾಜಿನ ಮೇಲೆ ಎಣ್ಣೆಯ ತೆಳುಪದರ ಕುಳಿತರೆ ಕುರುಡಾಗುತ್ತವೆ. ಮುಂಗಾರಿನ ಮುನ್ನ ಗುಡುಗು ಮಿಂಚು ಸಾಲುಗಟ್ಟುವ ಉತ್ತರ ಕನ್ನಡದಲ್ಲಿ ಹೊರಾಂಗಣಕ್ಕೆ ಅವಗೆಂಪು ಮಾದರಿ ಹೆಚ್ಚು ಸಹನೆಯದು.

ಆಯ್ಕೆಯಲ್ಲಿ ಎಡವುವ ಇನ್ನೊಂದು ಜಾಗವೆಂದರೆ ದೂರದ ಲೆಕ್ಕ. ಮೂರು ಸಂವೇದಕಗಳ ಶೋಧಕವು 65 ಮೀಟರ್ ದೂರದ ಬೆಂಕಿಯನ್ನು ಪತ್ತೆ ಮಾಡುತ್ತದೆಂದು ತಯಾರಕರ ಕೈಪಿಡಿಯಲ್ಲಿ ಮುದ್ರಿಸಿರುತ್ತದೆ. ಅದು ಸುಳ್ಳಲ್ಲ, ಒಂದು ಅಡಿ ಉದ್ದ ಒಂದು ಅಡಿ ಅಗಲದ ತಟ್ಟೆಯಲ್ಲಿ ಎನ್-ಹೆಪ್ಟೇನ್ ಎಂಬ ಇಂಧನವನ್ನು ಉರಿಸಿ, ಶೋಧಕದ ನೇರ ಎದುರಿಗಿಟ್ಟು, ಗಾಜು ಶುಭ್ರವಾಗಿರುವಾಗ ಅಳೆದ ದೂರ ಅದು. ಇಂಧನ ಮೆಥನಾಲ್ ಆದರೆ ದೂರ ಗಣನೀಯವಾಗಿ ಕುಗ್ಗುತ್ತದೆ. ಸುಮಾರು 90ರಿಂದ 100 ಡಿಗ್ರಿಗಳಷ್ಟು ಅಗಲವಾದ ನೋಟದ ಶಂಕುವಿನ ನಡುಗೆರೆಯಿಂದ ಅಂಚಿಗೆ ಸರಿದಂತೆ ಇನ್ನಷ್ಟು ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ತಲುಪುವ ವಿಕಿರಣ ಕಾಲು ಪಾಲಾಗುವುದರಿಂದ, ಎರಡು ಪಟ್ಟು ದೂರದಲ್ಲಿ ಬೆಂಕಿ ಕಾಣಬೇಕಾದರೆ ಅದು ನಾಲ್ಕು ಪಟ್ಟು ದೊಡ್ಡದಾಗಿ ಬೆಳೆದಿರಬೇಕು. ಯುರೋಪಿನ ಇಎನ್ 54-10 ಮಾನದಂಡದಲ್ಲಿ ಮೊದಲನೇ ದರ್ಜೆಯ ಶೋಧಕಕ್ಕೆ ನಿಗದಿಯಾದ ಪರೀಕ್ಷಾ ದೂರ 25 ಮೀಟರ್ ಎಂಬುದನ್ನು ಜೊತೆಗಿಟ್ಟು ನೋಡಿದರೆ, 65ರ ಅಂಕಿಯನ್ನೇ ನಂಬಿ ಕಂಬಗಳ ಸಂಖ್ಯೆ ಕಡಿಮೆ ಮಾಡುವ ಟೆಂಡರುಗಳಲ್ಲಿ ಉಳಿಯುವ ಹಣ ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ.

ಶೋಧಕವನ್ನು ನಿಲ್ಲಿಸುವ ಜಾಗವೇ ಅಪಾಯದ ಜಾಗ. ಉರಿಯಬಲ್ಲ ಆವಿ ಸದಾ ಇರುವ ಪ್ರದೇಶವನ್ನು ವಲಯ 0 ಎಂದೂ, ಮಾಮೂಲು ಕೆಲಸದ ವೇಳೆ ಆಗಾಗ ಬರಬಹುದಾದ ಕಡೆಯನ್ನು ವಲಯ 1 ಎಂದೂ, ಬಂದರೂ ಅಪರೂಪಕ್ಕೆ ಸ್ವಲ್ಪ ಹೊತ್ತು ಮಾತ್ರ ಇರುವ ಕಡೆಯನ್ನು ವಲಯ 2 ಎಂದೂ ವಿಂಗಡಿಸುತ್ತಾರೆ. ಇಂಥಲ್ಲಿ ಅಳವಡಿಸುವ ವಿದ್ಯುತ್ ಉಪಕರಣಗಳಿಗೆ ಪೆಟ್ರೋಲಿಯಂ ನಿಯಮಗಳಡಿ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಒಪ್ಪಿಗೆ ಬೇಕು. ಬೆಂಕಿಯನ್ನು ಹುಡುಕಲು ಇಟ್ಟ ಸಾಧನವೇ ಬೆಂಕಿಗೆ ಕಾರಣವಾಗಬಾರದೆಂಬುದು ಇದರ ಸಾರ. ಬಹುಪಾಲು ಜ್ವಾಲಾ ಶೋಧಕಗಳು ಫ್ಲೇಮ್‌ಪ್ರೂಫ್ ಎಂಬ ಬಗೆಯವು. ಈ ಹೆಸರು ಕೇಳಿದವರು ಡಬ್ಬಿಯೊಳಕ್ಕೆ ಅನಿಲ ನುಗ್ಗುವುದಿಲ್ಲವೆಂದು ಊಹಿಸುತ್ತಾರೆ. ನಿಜದಲ್ಲಿ ಅನಿಲ ಒಳಗೆ ಹೋಗಬಹುದು, ಅಲ್ಲಿ ಸ್ಫೋಟಿಸಲೂಬಹುದು ಎಂದು ಒಪ್ಪಿಕೊಂಡೇ ಅದನ್ನು ಮಾಡಿರುತ್ತಾರೆ. ಗಟ್ಟಿಯಾದ ಕವಚ ಆ ಸ್ಫೋಟವನ್ನು ತಾಳಿಕೊಳ್ಳುತ್ತದೆ, ಹೊರಬರುವ ಬಿಸಿ ಅನಿಲ ಮುಚ್ಚಳದ ತಿರುಪಿನ ಮರೆಗಳ ನಡುವಿನ ಉದ್ದವಾದ ಸಪೂರ ಸಂದಿನಲ್ಲಿ ಹಾದು ತಣ್ಣಗಾಗಿ, ಹೊರಗಿನ ಆವಿಯನ್ನು ಹೊತ್ತಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಆ ಮರೆಗಳ ಮೇಲಿನ ಗೀರು, ತುಕ್ಕು, ಬಣ್ಣ, ಕಳೆದುಹೋದ ಒಂದು ಬೋಲ್ಟು ಇವು ಯಾವುವೂ ಕ್ಷುಲ್ಲಕವಲ್ಲ. ಉಪಕರಣದ ಫಲಕದಲ್ಲಿರುವ ಅನಿಲ ಗುಂಪಿನ ಅಕ್ಷರವನ್ನೂ ಓದಬೇಕು: ಎಲ್‌ಪಿಜಿಯ ಪ್ರೋಪೇನ್ ಸೇರುವುದು 2ಎ ಗುಂಪಿಗೆ, ಜಲಜನಕ ಸೇರುವುದು ಎಲ್ಲಕ್ಕಿಂತ ಬಿಗಿಯಾದ 2ಸಿ ಗುಂಪಿಗೆ, ಮೊದಲನೆಯದಕ್ಕೆ ಮಾಡಿದ ಡಬ್ಬಿಯನ್ನು ಎರಡನೆಯದರ ಬಳಿ ಇಡುವಂತಿಲ್ಲ.

ಜೋಡಣೆಯ ಕೆಲಸ ಕಂಬ ನೆಡುವುದಕ್ಕೆ ಮೊದಲು ನೋಡಿ ಬರುವುದರಿಂದ ಶುರುವಾಗುತ್ತದೆ, ಮತ್ತು ಹೆಚ್ಚಿನ ತಪ್ಪುಗಳು ಆಗುವುದೂ ಆಗಲೇ. ಟ್ಯಾಂಕರ್ ಬರಿದು ಮಾಡುವ ಶೆಡ್ಡನ್ನು ಖಾಲಿ ಇರುವಾಗ ನೋಡಿದರೆ ಒಂದು ಮೂಲೆಯ ಶೋಧಕಕ್ಕೆ ಇಡೀ ನೆಲ ಕಾಣುತ್ತದೆ. ಆದರೆ ಶೆಡ್ಡು ಖಾಲಿ ಇರುವಾಗ ಅಲ್ಲಿ ಅಪಾಯವೂ ಕಡಿಮೆ. ಟ್ಯಾಂಕರುಗಳು ಸಾಲಾಗಿ ಬಂದು ನಿಂತಾಗ, ಎಂದರೆ ಲೋಡಿಂಗ್ ಆರ್ಮ್ ಜೋಡಿಸಿ ಅನಿಲ ಹರಿಯುತ್ತಿರುವಾಗ, ಅವುಗಳ ದೊಡ್ಡ ಹೊಟ್ಟೆಗಳೇ ನೋಟಕ್ಕೆ ಅಡ್ಡ ನಿಲ್ಲುತ್ತವೆ, ಸೋರಿಕೆಗೆ ಹೆಚ್ಚು ಅವಕಾಶವಿರುವ ಜೋಡಣೆಯ ಭಾಗ ಮರೆಯಾಗುತ್ತದೆ. ಹೀಗಾಗಿ ಎದುರುಬದುರು ಮೂಲೆಗಳಲ್ಲಿ ಕನಿಷ್ಠ ಎರಡು ಶೋಧಕಗಳನ್ನು, ಒಂದರ ಕುರುಡು ಜಾಗ ಇನ್ನೊಂದರ ನೋಟದಲ್ಲಿ ಬರುವಂತೆ ಇಡುವುದು ವಾಡಿಕೆ. ಗಾಜಿನ ಕಿಟಕಿಯ ಹಿಂದೆ ಶೋಧಕವನ್ನಿಟ್ಟು ಮಳೆಯಿಂದ ಕಾಪಾಡಬಹುದೆಂಬ ಯೋಚನೆ ಕೆಲವರಿಗೆ ಬರುವುದುಂಟು. ಮನೆಯ ಕಿಟಕಿಯ ಮಾಮೂಲು ಗಾಜು 4 ಮೈಕ್ರೋಮೀಟರಿನ ಆಚೆಗಿನ ಕಿರಣಗಳನ್ನು ಬಿಡುವುದೇ ಇಲ್ಲ, ಅದರ ಆಚೆಗೆ ಉರಿಯುವ ಬೆಂಕಿ ಕಣ್ಣಿಗೆ ಎಷ್ಟು ಚೆನ್ನಾಗಿ ಕಂಡರೂ ಶೋಧಕಕ್ಕೆ ಕಾಣದು. ಶೋಧಕದ ಸ್ವಂತ ಕಿಟಕಿಯನ್ನು ಇದೇ ಕಾರಣಕ್ಕೆ ಕೃತಕ ನೀಲಮಣಿಯಿಂದ, ಅಂದರೆ ಸಫೈರ್ ಹರಳಿನಿಂದ ಮಾಡುತ್ತಾರೆ.

ಶೋಧಕದ ಮುಖವನ್ನು ತುಸು ಕೆಳಕ್ಕೆ ಬಾಗಿಸಿ ಕೂರಿಸುವುದರಿಂದ ಎರಡು ಲಾಭಗಳಿವೆ: ನೀರು ಮತ್ತು ಧೂಳು ಗಾಜಿನ ಮೇಲೆ ನಿಲ್ಲುವುದಿಲ್ಲ, ಆಕಾಶದಂಚು ನೋಟದೊಳಕ್ಕೆ ಬರುವುದಿಲ್ಲ. ಎರಡನೆಯದು ಕರಾವಳಿಯಲ್ಲಿ ವಿಶೇಷವಾಗಿ ಮುಖ್ಯ, ಏಕೆಂದರೆ ಇಲ್ಲಿ ಪಶ್ಚಿಮಕ್ಕೆ ಮುಖಮಾಡಿದ ಶೋಧಕ ಪ್ರತಿ ಸಂಜೆಯೂ ಸೂರ್ಯನನ್ನು ಎದುರಿಸುತ್ತದೆ. ಬೇಲಿಯಾಚೆಯ ತೆಂಗಿನ ಗರಿಗಳ ನಡುವೆ ಮಿನುಗಿ ಬರುವ ಆ ಬಿಸಿಲಿಗೆ ಜ್ವಾಲೆಯಂಥದೇ ಲಯ ಒದಗಿಬಿಡುತ್ತದೆ. ಮೂರು ಸಂವೇದಕಗಳ ಶೋಧಕ ಅದನ್ನು ಬಹುಪಾಲು ತಳ್ಳಿಹಾಕುತ್ತದೆ, ಆದರೂ ತಳ್ಳಿಹಾಕುವ ಕೆಲಸದಲ್ಲಿ ತೊಡಗಿದಷ್ಟು ಹೊತ್ತು ನಿಜವಾದ ಬೆಂಕಿಗೆ ಅದರ ಸೂಕ್ಷ್ಮತೆ ಕುಗ್ಗಬಹುದು. ಆಧಾರ ಅಲುಗಾಡಬಾರದು, ಪಂಪು ಓಡುವಾಗ ನಡುಗುವ ಪೈಪಿಗೆ ಬ್ರಾಕೆಟ್ ಬಿಗಿಯುವುದಕ್ಕಿಂತ ಪ್ರತ್ಯೇಕ ಕಂಬ ನಿಲ್ಲಿಸುವುದು ಲೇಸು. ದಿಕ್ಕು ಕೂರಿಸಿದ ಬಳಿಕ ಬ್ರಾಕೆಟ್ಟಿನ ಎರಡು ಭಾಗಗಳಿಗೂ ಅಡ್ಡಲಾಗಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಮುಂದೆ ಏಣಿ ತಾಗಿಯೋ ಪೈಪು ಎತ್ತುವಾಗ ತಗುಲಿಯೋ ಮುಖ ತಿರುಗಿದ್ದರೆ ಕೆಳಗಿನಿಂದಲೇ ಗೊತ್ತಾಗುತ್ತದೆ. ಒಳಗಿನ ಗಣಕ ಎಷ್ಟೇ ಜಾಣನಾದರೂ ತಾನು ಬೇರೆ ಕಡೆಗೆ ನೋಡುತ್ತಿದ್ದೇನೆಂಬುದು ಅದಕ್ಕೆ ತಿಳಿಯುವುದಿಲ್ಲ.

ಕೇಬಲ್ ಡಬ್ಬಿಯೊಳಕ್ಕೆ ಹೋಗುವ ಜಾಗದಲ್ಲಿ ಪ್ರಮಾಣಿತ ಡಬಲ್ ಕಂಪ್ರೆಷನ್ ಗ್ಲ್ಯಾಂಡ್ ಇರಬೇಕು, ಬಳಸದೆ ಉಳಿದ ತೂತನ್ನು ಸಾಗಣೆಗೆಂದು ಹಾಕಿದ ಪ್ಲಾಸ್ಟಿಕ್ ಬಿರಡೆಯಲ್ಲಿ ಬಿಡದೆ ಪ್ರಮಾಣಿತ ಲೋಹದ ಪ್ಲಗ್ಗಿನಿಂದ ಮುಚ್ಚಬೇಕು, ಕೇಬಲ್ ಒಳಹೋಗುವ ಮುನ್ನ ಕೆಳಕ್ಕೆ ಇಳಿಬಿದ್ದು ಒಂದು ಸುತ್ತು ಹಾಕಿದರೆ ಅದರ ಮೇಲೆ ಹರಿದು ಬಂದ ಮಳೆನೀರು ಗ್ಲ್ಯಾಂಡನ್ನು ಮುಟ್ಟದೆ ತೊಟ್ಟಿಕ್ಕಿ ಹೋಗುತ್ತದೆ. ನಿಯಂತ್ರಣ ಕೊಠಡಿಗೆ ಶೋಧಕ ಮಾತನಾಡುವುದು ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಪ್ರವಾಹದ ಭಾಷೆಯಲ್ಲಿ: ಎಲ್ಲ ಸರಿಯಿದ್ದರೆ 4ರ ಆಸುಪಾಸು, ಬೆಂಕಿ ಕಂಡರೆ 20ರ ಕಡೆಗೆ, 4ಕ್ಕಿಂತ ಕೆಳಗಿಳಿದರೆ ದೋಷ. ತಂತಿ ತುಂಡಾದರೆ ಪ್ರವಾಹ ಸೊನ್ನೆಯಾಗಿ ಅದೂ ದೋಷವೆಂದೇ ತೋರುವುದು ಈ ಪದ್ಧತಿಯ ದೊಡ್ಡ ಗುಣ. ಒಂದೇ ಶೋಧಕ ಕೂಗಿದಾಗ ಗಂಟೆ ಬಾರಿಸಿ, ಎರಡು ಒಟ್ಟಿಗೆ ಕೂಗಿದಾಗ ಮಾತ್ರ ನೀರು ಸುರಿಸಿ ಕವಾಟಗಳನ್ನು ಮುಚ್ಚುವಂತೆ ಏರ್ಪಾಟು ಮಾಡುವುದು ರೂಢಿ. ಸುಳ್ಳು ಎಚ್ಚರಿಕೆಗೆ ಒಂದೆರಡು ಸಲ ಇಡೀ ಸ್ಥಾವರ ನಿಂತುಹೋದರೆ ಮೂರನೆಯ ಸಲ ಯಾರೂ ಎಚ್ಚರಿಕೆಯನ್ನು ನಂಬುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಮುಗಿದ ಮೇಲೆ ಶೋಧಕದ ಯೋಗ್ಯತೆ ಅಂಗೈಗಿಂತ ಚಿಕ್ಕದಾದ ಆ ಸಫೈರ್ ಕಿಟಕಿಯ ಮೇಲೆ ನಿಂತಿರುತ್ತದೆ, ಕರಾವಳಿಯ ಹವೆ ಕೈಹಾಕುವುದೂ ಅಲ್ಲಿಗೇ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಪ್ರದೇಶದಲ್ಲಿ ನೀರು ಒಂದು ನೇರ ಎದುರಾಳಿ, ಏಕೆಂದರೆ ನೀರಿನ ತೆಳುಪದರವೇ ಅವಗೆಂಪು ಕಿರಣಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಕಣ್ಣಿಗೆ ಪಾರದರ್ಶಕವಾಗಿ ತೋರುವ ಒದ್ದೆ ಗಾಜು ಶೋಧಕದ ಪಾಲಿಗೆ ಪೊರೆ ಬಂದ ಕಣ್ಣು. ಒಳ್ಳೆಯ ಮಾದರಿಗಳಲ್ಲಿ ಕಿಟಕಿಯನ್ನು ಸದಾ ಬೆಚ್ಚಗಿಡುವ ಪುಟ್ಟ ಹೀಟರ್ ಇರುತ್ತದೆ, ಅದು ಮಂಜು ಹಿಡಿಯುವುದನ್ನು ತಪ್ಪಿಸುತ್ತದೆ, ಆದರೆ ಗಾಳಿಯೊಡನೆ ರಾಚುವ ಮಳೆಗೆ ಮೇಲ್ಗಡೆಯ ಮುಚ್ಚಿಗೆಯೂ ಬೇಕು. ಮುಚ್ಚಿಗೆ ಹಾಕಿದರೆ ಅದರಡಿ ಜೇಡ ಬಲೆ ಕಟ್ಟುತ್ತದೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಸಮುದ್ರದ ಗಾಳಿಯಲ್ಲಿರುವ ಉಪ್ಪು ಗಾಜಿನ ಮೇಲೆ ಹರಳುಗಟ್ಟಿ ತೇವ ಹಿಡಿದಿಡುತ್ತದೆ, ಬೋಲ್ಟುಗಳನ್ನು ತಿನ್ನುತ್ತದೆ. ಧೂಳಿನ ಕಥೆಯೂ ಕಡಿಮೆಯದಲ್ಲ. ಬಳ್ಳಾರಿಯ ಅದಿರಿನ ಲಾರಿಗಳು ಸುಂಕಸಾಳದ ಮೇಲಿನಿಂದ ಬೇಲೇಕೇರಿ ಬಂದರಿಗೆ ಸಾಲುಗಟ್ಟುತ್ತಿದ್ದ 2010ರವರೆಗಿನ ವರ್ಷಗಳನ್ನು ಕಂಡವರಿಗೆ ಹೆದ್ದಾರಿ ಬದಿಯ ಎಲೆಗಳ ಮೇಲಿನ ಕೆಂಪು ಪದರ ನೆನಪಿರುತ್ತದೆ. ಇವೆಲ್ಲಕ್ಕಿಂತ ಸಂಕಟದ ಸಂಗತಿ ಬಣ್ಣ. ಮಳೆಗಾಲಕ್ಕೆ ಮುನ್ನ ಸ್ಥಾವರದ ಕಬ್ಬಿಣಕ್ಕೆಲ್ಲ ಬಣ್ಣ ಹೊಡೆಯುವಾಗ ಸ್ಪ್ರೇಯ ಹನಿಗಳು ಕಿಟಕಿಗೆ ಹಾರುತ್ತವೆ, ಉತ್ಸಾಹಿಯಾದ ಪೇಂಟರ್ ಡಬ್ಬಿಯ ಮುಚ್ಚಳದ ಸಂದಿಗೂ ಎರಡು ಕೋಟ್ ಕೊಟ್ಟುಬಿಡುತ್ತಾನೆ, ಆ ಕೆಲಸದ ಪರ್ಮಿಟ್ಟಿನಲ್ಲಿ ಶೋಧಕಗಳನ್ನು ಮುಚ್ಚಿಡಬೇಕೆಂಬ ಒಂದು ಸಾಲು ಇರುವುದಿಲ್ಲ. ಮುಚ್ಚಿಟ್ಟರೆ, ಕೆಲಸ ಮುಗಿದ ಮೇಲೆ ಪ್ಲಾಸ್ಟಿಕ್ ಚೀಲವನ್ನು ತೆಗೆಯಲು ಮರೆಯುವುದೂ ನಡೆಯುತ್ತದೆ.

ಕಿಟಕಿ ಕೊಳೆಯಾಗಿದೆಯೇ ಎಂದು ಶೋಧಕ ತಾನೇ ಪರೀಕ್ಷಿಸಿಕೊಳ್ಳುವ ವ್ಯವಸ್ಥೆ ಇಂದಿನ ಮಾದರಿಗಳಲ್ಲಿದೆ: ಒಳಗಿನ ಪುಟ್ಟ ದೀಪವೊಂದು ಕೆಲವು ನಿಮಿಷಗಳಿಗೊಮ್ಮೆ ಕಿರಣ ಚೆಲ್ಲುತ್ತದೆ, ಅದು ಕಿಟಕಿಯ ಮೂಲಕ ಹೊರಗಿನ ಪ್ರತಿಫಲಕಕ್ಕೆ ತಾಗಿ ಹಿಂದಿರುಗುತ್ತದೆ, ಹಿಂದಿರುಗಿದ ಪ್ರಮಾಣ ಕಡಿಮೆಯಾದರೆ ದೋಷದ ಸಂಕೇತ ಹೊರಡುತ್ತದೆ. ಪ್ರಯೋಜನಕಾರಿಯಾದ ಈ ಏರ್ಪಾಟಿಗೆ ಆ ಕಿರಣ ಹಾದುಹೋಗುವ ಚಿಕ್ಕ ಜಾಗ ಮಾತ್ರ ಗೊತ್ತು. ಪ್ರತಿಫಲಕವೇ ಮಾಸಿದ್ದರೂ ದೂರು ಬರುತ್ತದೆ, ಎದುರಿಗೆ ಹೊಸದಾಗಿ ಒಂದು ಪೈಪು ಅಡ್ಡ ಬಂದಿದ್ದರೆ ದೂರು ಬರುವುದಿಲ್ಲ. ಶುಚಿ ಮಾಡಲು ಎಳೆ ಬಿಡದ ಮೆತ್ತನೆಯ ಬಟ್ಟೆ ಮತ್ತು ತಯಾರಕರು ಹೇಳಿದ ದ್ರವ, ಬಹುತೇಕ ಶುದ್ಧ ನೀರು ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಫಿಟ್ಟರುಗಳ ಜೇಬಿನಲ್ಲಿರುವ ಕಾಟನ್ ವೇಸ್ಟಿನ ಎಣ್ಣೆಪಸೆ ಗಾಜಿಗೆ ಅಂಟಿದರೆ ಉಜ್ಜಿದ್ದಕ್ಕಿಂತ ಉಜ್ಜದಿದ್ದುದೇ ಮೇಲಾಗುತ್ತದೆ. ಕಿಟಕಿಯನ್ನು ಹೊರಗಿನಿಂದ ಒರೆಸಬಹುದು, ಆದರೆ ವಿದ್ಯುತ್ ಕಡಿತಗೊಳಿಸಿ ಪರ್ಮಿಟ್ ಪಡೆಯದೆ ಡಬ್ಬಿಯ ಮುಚ್ಚಳ ತೆರೆಯುವಂತಿಲ್ಲ.

ಒರೆಸಿದ ಮೇಲೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ನೋಡಲು ಅಪಾಯದ ವಲಯದಲ್ಲಿ ಬೆಂಕಿ ಹಚ್ಚುವಂತಿಲ್ಲವಷ್ಟೆ. ಅದಕ್ಕಾಗಿ ಜ್ವಾಲೆಯ ವಿಕಿರಣ ಮತ್ತು ಮಿನುಗನ್ನು ಅನುಕರಿಸುವ, ಸ್ಫೋಟಕ ವಾತಾವರಣಕ್ಕೆ ಪ್ರಮಾಣಿತವಾದ ಕೈದೀಪವಿದೆ. ಅದನ್ನು ಟೆಸ್ಟ್ ಲ್ಯಾಂಪ್ ಎನ್ನುತ್ತಾರೆ. ನಿಗದಿತ ದೂರದಲ್ಲಿ ನಿಂತು ಶೋಧಕದ ನಡುಮುಖಕ್ಕೆ ಗುರಿಯಿಟ್ಟು ಹಿಡಿದರೆ ಕೆಲವು ಸೆಕೆಂಡುಗಳಲ್ಲಿ ಕೊಠಡಿಯ ಫಲಕದಲ್ಲಿ ಬೆಂಕಿಯ ಸಂಕೇತ ಮೂಡಬೇಕು. ಆ ಮಾದರಿಗೆಂದು ಮಾಡಿದ ದೀಪವೇ ಬೇಕು, ಬ್ಯಾಟರಿ ಪೂರ್ತಿ ತುಂಬಿರಬೇಕು. ಬ್ಯಾಟರಿ ಇಳಿದ ದೀಪ ಸರಿಯಾದ ಶೋಧಕವನ್ನು ಕೆಟ್ಟದ್ದೆಂದು ತೋರಿಸಿ ಸುಮ್ಮನೆ ಕೆಲಸ ಹೆಚ್ಚಿಸುತ್ತದೆ. ಪರೀಕ್ಷೆಗೆ ಮುನ್ನ ಡೆಲ್ಯೂಜ್ ಮತ್ತು ಶಟ್‌ಡೌನ್ ಆದೇಶಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು, ಇಲ್ಲವಾದರೆ ಇಡೀ ಶೆಡ್ಡಿಗೆ ನೀರು ಸುರಿದು ಪಂಪುಗಳು ನಿಲ್ಲುತ್ತವೆ. ಇನ್‌ಹಿಬಿಟ್ ಎಂದು ಕರೆಯುವ ಈ ತಡೆ ಇಡೀ ಆರೈಕೆಯಲ್ಲಿ ಅತ್ಯಂತ ಅಪಾಯಕಾರಿಯಾದ ಹೆಜ್ಜೆ. ಅದನ್ನು ತೆಗೆಯಲು ಮರೆತರೆ ಶೋಧಕ ಬೆಂಕಿಯನ್ನು ಕಾಣುತ್ತದೆ, ಕೂಗುತ್ತದೆ, ಆದರೆ ಕವಾಟ ಕದಲುವುದಿಲ್ಲ. ಫಲಕದ ಮೂಲೆಯಲ್ಲಿ ಉರಿಯುವ ಹಳದಿ ದೀಪವೊಂದನ್ನು ಬಿಟ್ಟರೆ ಎಲ್ಲವೂ ಸರಿಯಾಗಿರುವಂತೆಯೇ ತೋರುತ್ತದೆ. ತಡೆ ಹಾಕಿದವರ ಹೆಸರು, ಹಾಕಿದ ವೇಳೆ ಮತ್ತು ತೆಗೆದ ವೇಳೆಯನ್ನು ಪುಸ್ತಕದಲ್ಲಿ ಬರೆದು, ಪಾಳಿ ಬದಲಾಗುವಾಗ ಅದನ್ನು ಬಾಯಿಮಾತಿನಲ್ಲೂ ಒಪ್ಪಿಸುವ ಶಿಸ್ತು ಇರುವ ಕಡೆ ಈ ಮರೆವಿಗೆ ಎಡೆ ಕಡಿಮೆ.

ಎಷ್ಟು ದಿನಗಳಿಗೊಮ್ಮೆ ಒರೆಸಬೇಕು, ಪರೀಕ್ಷಿಸಬೇಕು ಎಂಬುದಕ್ಕೆ ಕೈಪಿಡಿಯ ಅಂಕಿಯನ್ನು ಮೇಲ್ಮಿತಿಯೆಂದು ಹಿಡಿದು, ಸ್ಥಳದ ಹವೆಗೆ ತಕ್ಕಂತೆ ಬಿಗಿ ಮಾಡಿಕೊಳ್ಳಬೇಕು. ಒಣಹವೆಯ ಊರಿಗೆ ಆರು ತಿಂಗಳು ಸಾಕಾದರೆ ಅರಬ್ಬಿ ಸಮುದ್ರದ ದಂಡೆಗೆ ಅದು ಸಾಲದು. ಆದರೆ ತೊಡಕಿರುವುದು ಬೇರೆ ಕಡೆ: ಕಿಟಕಿ ಅತಿ ಬೇಗ ಮಾಸುವುದು ಜೂನಿನಿಂದ ಸೆಪ್ಟೆಂಬರಿನವರೆಗೆ, ಏಣಿ ಹಾಕಿ ಹತ್ತುವುದು ಅತಿ ಕಷ್ಟವಾಗುವುದೂ ಅದೇ ನಾಲ್ಕು ತಿಂಗಳು. ಜಾರುವ ಕಬ್ಬಿಣದ ಮೇಲೆ ಮಳೆಯಲ್ಲಿ ಕೆಲಸಗಾರನನ್ನು ಹತ್ತಿಸಲು ಯಾವ ಸುರಕ್ಷತಾ ಅಧಿಕಾರಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಹಾಗಾಗಿ ಆರೈಕೆಯ ಪುಸ್ತಕದಲ್ಲಿ ಮಳೆಗಾಲದ ಹಾಳೆಗಳು ಖಾಲಿ ಉಳಿಯುವ ಸಾಧ್ಯತೆ ಹೆಚ್ಚು. ಇದಕ್ಕೆ ಪರಿಹಾರ ಹುಡುಕಬೇಕಾದದ್ದು ಮಳೆಗಾಲದಲ್ಲಿ ಅಲ್ಲ, ಸ್ಥಾವರದ ನಕ್ಷೆ ಬರೆಯುವಾಗ. ಬುಡದಲ್ಲಿ ತಿರುಗಣಿಯಿದ್ದು ಒಬ್ಬನೇ ನೆಲಕ್ಕೆ ಬಾಗಿಸಬಲ್ಲ ಕಂಬಗಳು ಮಾರುಕಟ್ಟೆಯಲ್ಲಿವೆ, ಶೆಡ್ಡಿನೊಳಗಾದರೆ ಕೈಹಿಡಿ ಕಂಬಿಯಿರುವ ಕಾಯಂ ಅಟ್ಟಣಿಗೆ ಕಟ್ಟಿಸಬಹುದು, ಕೇಬಲನ್ನು ಬಾಗುವಷ್ಟು ಉದ್ದ ಬಿಟ್ಟು ಜೋಡಿಸಬಹುದು. ಶೋಧಕದ ಬೆಲೆಯ ಪಕ್ಕದಲ್ಲಿ ಇವುಗಳ ಖರ್ಚು ಹೆಚ್ಚಲ್ಲ, ಆದರೆ ಖರೀದಿಯ ಪಟ್ಟಿಯಲ್ಲಿ ಶೋಧಕ ಉಪಕರಣಗಳ ಶೀರ್ಷಿಕೆಯಡಿ ಬಂದರೆ ಕಂಬ ಮತ್ತು ಅಟ್ಟಣಿಗೆ ಸಿವಿಲ್ ಕಾಮಗಾರಿಯಡಿ ಬರುತ್ತವೆ, ಎರಡನ್ನೂ ಒಬ್ಬರೇ ಕುಳಿತು ನೋಡುವುದು ಅಪರೂಪ.